ಅಪ್ಪನ ಪೆನ್ ಡ್ರೈವು, ಸರ್ವೆ ಆಗದ ಊರು

ಅಪ್ಪ ಆಲ್ದೂರು ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರು. ಕೊಯ್ಲಿನ ಕಾಲದಲ್ಲಿ ದಿನಾ ಸಂಜೆ ಕಣದ ಪಕ್ಕ ತಕ್ಕಡಿ ಇಟ್ಟುಕೊಂಡು, ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಅಂತ ಬರೆದುಕೊಳ್ಳುವುದು ಅವರ ಕೆಲಸ. ಮೊದಲು ಬರೀ ಪುಸ್ತಕ ಇತ್ತು. ಈಗ ಪುಸ್ತಕಕ್ಕೂ ಬರೆದು, ರಾತ್ರಿ ಊಟ ಆದಮೇಲೆ ಕಂಪ್ಯೂಟರಿಗೂ ಹಾಕುತ್ತಾರೆ. ದಿನಕ್ಕೊಂದು ಫೈಲು, ತಿಂಗಳಿಗೊಂದು ಫೋಲ್ಡರು. ಎಲ್ಲ ಕನ್ನಡದಲ್ಲೇ, ಫೋಲ್ಡರಿನ ಹೆಸರು ಕೂಡ. ಇಷ್ಟೂ ಲೆಕ್ಕ ಇರುವುದು ಒಂದು 8 ಜಿಬಿ ಪೆನ್ ಡ್ರೈವಿನಲ್ಲಿ. ಅದಕ್ಕೆ ಕೆಂಪು ದಾರ ಕಟ್ಟಿ ಬೀಗದ ಕೈ ಗೊಂಚಲಿಗೆ ಸೇರಿಸಿದ್ದಾರೆ.

ಕಳೆದ ವರ್ಷ ಆರಿದ್ರಾ ಮಳೆ ಶುರುವಾದ ವಾರ ಆ ಪೆನ್ ಡ್ರೈವನ್ನು ಎರಡು ದಿನಕ್ಕೆ ಅಂತ ಇಸ್ಕೊಂಡೆ. ಯಾಕೆ ಅಂದರು. ನಾನು ಕಲೀತಾ ಇರೋ ಒಂದು ಕರ್ನಲ್‌ಗೆ ಇದನ್ನ ಓದೋದು ಕಲಿಸ್ಬೇಕು ಅಂದೆ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳು.

"ಕಂಪ್ಯೂಟರಿಗೆ ಚುಚ್ಚಿದ್ರೆ ಅದೇ ತೋರ್ಸುತ್ತಲ್ಲ ಪುಟ್ಟಿ, ಮತ್ತೆ ನೀನು ಕಲಿಸೋದೇನು?"

ಅವತ್ತು ಏನೋ ಹೇಳಿ ತಪ್ಪಿಸಿಕೊಂಡೆ. ಪ್ರಶ್ನೆ ಮಾತ್ರ ಸರಿಯಾಗೇ ಇತ್ತು. ಚುಚ್ಚಿದರೆ ತೋರಿಸುತ್ತದೆ, ನಿಜ. ಆದರೆ ಹಾಗೆ ತೋರಿಸುವುದನ್ನು ಯಾರೋ ಒಬ್ಬರು ಕೂತು ಬರೆದಿರುತ್ತಾರೆ. ನಾನು ಆರು ವರ್ಷದಿಂದ ಮನೆಯಿಂದಲೇ ಬೆಂಗಳೂರಿನ ಕಂಪನಿಯೊಂದಕ್ಕೆ ವೆಬ್ ಕೆಲಸ ಮಾಡುತ್ತೇನೆ. ಫೈಲ್ ತೆರೆ ಅಂತ ಒಂದು ಸಾಲು ಬರೆದರೆ ಕೆಳಗೆ ಏನು ನಡೆಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದು ಸ್ವಲ್ಪ ನಾಚಿಕೆಯ ವಿಷಯವೂ ಆಗಿತ್ತು.

ನಾನು ಹಿಡಿದುಕೊಂಡಿದ್ದು ಎಕ್ಸ್‌ವಿ6. ಎಂಐಟಿಯಲ್ಲಿ ಪಾಠ ಮಾಡಲಿಕ್ಕೆ ಅಂತಲೇ 2006ರಲ್ಲಿ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್. 1975ರ ಯುನಿಕ್ಸ್ ಆರನೇ ಆವೃತ್ತಿಯ ಮಾದರಿಯದು. ಈಗ ರಿಸ್ಕ್-ಫೈವ್ ಪ್ರೊಸೆಸರಿಗೆ ಬರೆದ ರೂಪ ಸಿಗುತ್ತದೆ. ಕರ್ನಲ್ ಪೂರ್ತಿ ಹತ್ತು ಸಾವಿರ ಸಾಲೂ ಇಲ್ಲ, ಮನಸ್ಸು ಮಾಡಿದರೆ ಇಡೀ ಓದಿ ಮುಗಿಸಬಹುದು. ಕ್ಯೂಎಮು ಅಂತ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನ ವೇಷ ಹಾಕುವ ಪ್ರೋಗ್ರಾಮ್ ಇದೆ, ಅದರ ಒಳಗೆ ಓಡುತ್ತದೆ, ಇಂಟರ್ನೆಟ್ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಇದು ದೊಡ್ಡ ಅನುಕೂಲ. ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗುತ್ತದೆ.

ಎಕ್ಸ್‌ವಿ6ಗೆ ತನ್ನದೇ ಒಂದು ಫೈಲ್ ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ, ಇದೆ. ಅದು ಬಿಟ್ಟು ಬೇರೆ ಯಾವುದೂ ಗೊತ್ತಿಲ್ಲ. ಅಪ್ಪನ ಪೆನ್ ಡ್ರೈವ್ ಇರುವುದು ಫ್ಯಾಟ್32ನಲ್ಲಿ. ಫ್ಯಾಟ್ ಹುಟ್ಟಿದ್ದು 1977ರಲ್ಲಿ, ಮೈಕ್ರೋಸಾಫ್ಟಿನ ಬೇಸಿಕ್‌ಗೋಸ್ಕರ. ಇದರ 32 ಬಿಟ್ ರೂಪ ಬಂದಿದ್ದು 1996ರಲ್ಲಿ. ಎಕ್ಸ್‌ವಿ6ನ ಪದ್ಧತಿಯೂ ಫ್ಯಾಟೂ ಬೇರೆ ಬೇರೆ ಮನೆತನ.

ಮೊದಲು ಮಾಡಿದ್ದು ನಕಲು. ಪೆನ್ ಡ್ರೈವನ್ನು ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಒಂದು ಫೈಲಿಗೆ ಇಳಿಸಿಕೊಂಡೆ. ಮುಂದಿನ ಆಟವೆಲ್ಲ ನಕಲಿನ ಮೇಲೆ. ಇದೊಂದು ಬುದ್ಧಿ ನನಗೆ ಮೊದಲೇ ಬಂದಿದ್ದು ಪುಣ್ಯ. ಪೆನ್ ಡ್ರೈವ್ ಮಾತ್ರ ಮೇಜಿನ ಮೇಲೇ ಉಳಿದುಹೋಯಿತು.

ಕ್ಯೂಎಮುಗೆ ಆ ನಕಲನ್ನು ಎರಡನೇ ಡಿಸ್ಕ್ ಅಂತ ತೋರಿಸಿದೆ. ಕರ್ನಲ್‌ನಲ್ಲಿ ಡಿಸ್ಕಿನ ಒಂದು ಬ್ಲಾಕ್, ಅಂದರೆ 1024 ಬೈಟಿನ ಒಂದು ತುಂಡು, ಓದುವ ಫಂಕ್ಷನ್ ಇದೆ. ಯಾವ ಡಿಸ್ಕು, ಎಷ್ಟನೇ ಬ್ಲಾಕು ಅಂತ ಎರಡು ಮಾತು ಹೇಳಬೇಕು. ಎರಡನೇ ಡಿಸ್ಕು, ಸೊನ್ನೆಯನೇ ಬ್ಲಾಕು ಅಂದೆ. ಬಂದಿದ್ದು ಬರೀ ಸೊನ್ನೆ. 1024 ಬೈಟೂ ಸೊನ್ನೆ. ನಕಲು ಕೆಟ್ಟಿದೆ ಅಂದುಕೊಂಡು ಮತ್ತೊಮ್ಮೆ ತೆಗೆದೆ. ಮತ್ತೂ ಸೊನ್ನೆ. ಒಂದು ಸಂಜೆ ಪೂರ್ತಿ ಹೋಯಿತು. ಕೊನೆಗೆ ಡ್ರೈವರ್, ಅಂದರೆ ಡಿಸ್ಕಿನ ಜೊತೆ ನೇರ ಮಾತಾಡುವ ಕೋಡ್, ಓದಿದಾಗ ಗೊತ್ತಾಯಿತು, ಮೇಲಿನವರು "ಎರಡನೇ ಡಿಸ್ಕು" ಅಂತ ಎಷ್ಟು ಕೂಗಿದರೂ ಕೆಳಗಿನ ಡ್ರೈವರ್ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಡಿಸ್ಕು. ಎಕ್ಸ್‌ವಿ6ನ ಸ್ವಂತ ಡಿಸ್ಕಿನಲ್ಲಿ ಸೊನ್ನೆಯನೇ ಬ್ಲಾಕ್ ಖಾಲಿ ಇರುತ್ತದೆ. ನಾನು ನೋಡುತ್ತಾ ಕೂತಿದ್ದು ಅದನ್ನು.

ಡ್ರೈವರನ್ನು ಎರಡು ಡಿಸ್ಕಿಗೆ ತಿದ್ದಿದ್ದು ಬರೀ ಕೂಲಿ ಕೆಲಸ, ಹೇಳುವಂಥದ್ದು ಏನಿಲ್ಲ. ಎರಡನೇ ಡಿಸ್ಕಿನ ವಿಳಾಸ, ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) 10002000, ಅದನ್ನು ಕರ್ನಲ್‌ನ ವಿಳಾಸಗಳ ಪಟ್ಟಿಯಾದ ಪೇಜ್ ಟೇಬಲಿಗೆ ಸೇರಿಸಲು ಮರೆತು ಒಂದು ಪ್ಯಾನಿಕ್, ಅಂದರೆ ಕರ್ನಲ್ ಕೈಚೆಲ್ಲಿ ನಿಂತಿದ್ದು. ಕೆಲಸ ಮುಗಿಯಿತು ಅಂತ ಡಿಸ್ಕು ಕೂಗಿ ಹೇಳುವ ದಾರಿ, ಇಂಟರಪ್ಟ್ 2, ಅದನ್ನು ತೆರೆಯಲು ಮರೆತು ಒಂದು ಹ್ಯಾಂಗ್. ಅಷ್ಟೇ.

ಆಮೇಲೆ ಮೊದಲ ಸೆಕ್ಟರ್, ಅಂದರೆ ಡಿಸ್ಕಿನ ಮೊದಲ 512 ಬೈಟಿನ ತುಂಡು, ಬಂತು. ಕೊನೆಯ ಎರಡು ಬೈಟ್ 55, ಎಎ. ಫ್ಯಾಟ್ ತನ್ನ ಅಳತೆಗಳನ್ನು ಬರೆದಿಡುವ ಬೂಟ್ ಸೆಕ್ಟರ್ ಹೀಗೇ ಮುಗಿಯಬೇಕು ಅಂತ ಓದಿದ್ದೆ. ಖುಷಿಯಾಯಿತು. ಆದರೆ ಉಳಿದ ಅಂಕಿಗಳೆಲ್ಲ ತಲೆಬುಡ ಇಲ್ಲದವು. ಅದು ಬೂಟ್ ಸೆಕ್ಟರೇ ಅಲ್ಲ, ಡಿಸ್ಕನ್ನು ಹೇಗೆ ಭಾಗ ಮಾಡಿದೆ ಅಂತ ಹೇಳುವ ಪಾರ್ಟಿಷನ್ ಟೇಬಲ್ ಇರುವ ಸೆಕ್ಟರ್. ಅದೂ 55, ಎಎ ಅಂತಲೇ ಮುಗಿಯುತ್ತದೆ. 446ನೇ ಬೈಟಿನಲ್ಲಿ ಪಾರ್ಟಿಷನ್ ಪಟ್ಟಿ ಇತ್ತು. ಅಪ್ಪನ ಲೆಕ್ಕ ಶುರುವಾಗುವುದು 2048ನೇ ಸೆಕ್ಟರಿನಿಂದ. ಅಲ್ಲಿಗೆ ಹೋದೆ. ಒಂದು ಸೆಕ್ಟರಿಗೆ ಎಷ್ಟು ಬೈಟು ಅಂತ ಕೇಳಿದರೆ 2050 ಅಂದಿತು. 512 ಅನ್ನಬೇಕಿತ್ತು.

ಈ 2050 ಎಲ್ಲಿಂದ ಬಂತು ಅಂತ ಕಂಡುಹಿಡಿದಿದ್ದು ನನಗೆ ಈಗಲೂ ಇಷ್ಟ. ಆ ಅಂಕಿ ಕೂತಿರುವುದು 11ನೇ ಬೈಟಿನಲ್ಲಿ, ಬೆಸ ಜಾಗದಲ್ಲಿ. ನಾನು ಬರೆದ ಸ್ಟ್ರಕ್ಟಿನಲ್ಲಿ, ಅಂದರೆ ಯಾವ ಅಂಕಿ ಎಲ್ಲಿದೆ ಅಂತ ಹೇಳುವ ನಕ್ಷೆಯಲ್ಲಿ, ಕಂಪೈಲರ್ ತನ್ನ ಅಭ್ಯಾಸದಂತೆ ಒಂದು ಬೈಟ್ ಜಾಗ ಬಿಟ್ಟು 12ಕ್ಕೆ ತಳ್ಳಿತ್ತು. 512 ಅಂದರೆ ಹೆಕ್ಸ್‌ನಲ್ಲಿ 00, 02 ಎಂಬ ಎರಡು ಬೈಟು, ಚಿಕ್ಕ ಭಾಗ ಮೊದಲು. ಅದರ ಮುಂದಿನ ಬೈಟು 08, ಒಂದು ಕ್ಲಸ್ಟರಿಗೆ ಎಂಟು ಸೆಕ್ಟರ್ ಅಂತ. ಕ್ಲಸ್ಟರ್ ಅಂದರೆ ಫೈಲಿಗೆ ಫ್ಯಾಟ್ ಜಾಗ ಕೊಡುವಾಗಿನ ಒಂದು ಕಟ್ಟು. ನಾನು ಮೊದಲಿನ 00 ಬಿಟ್ಟು 02 ಮತ್ತು 08 ಸೇರಿಸಿ ಓದಿದ್ದೆ. ಅದು 2050. ಸ್ಟ್ರಕ್ಟಿಗೆ "ಪ್ಯಾಕ್ಡ್" ಅಂತ ಒಂದು ಪದ ಸೇರಿಸಿದೆ, 512 ಬಂತು.

ಇಲ್ಲಿಯವರೆಗೆ ಎಲ್ಲ ಓದುವ ಕೆಲಸ. ಪುಸ್ತಕ ನೋಡಿಕೊಂಡು ಯಾರಾದರೂ ಮಾಡಬಹುದು. ನಿಜವಾದ ತೊಡಕು ಶುರುವಾಗಿದ್ದು ಆಮೇಲೆ.

ಯುನಿಕ್ಸ್ ಮನೆತನದ ಕರ್ನಲ್‌ಗೆ ಫೈಲ್ ಅಂದರೆ ಹೆಸರಲ್ಲ, ಐನೋಡ್. ಅದು ಗದ್ದೆಯ ಸರ್ವೆ ನಂಬರ್ ಇದ್ದ ಹಾಗೆ. ನಾವು ಹಳ್ಳದ ಗದ್ದೆ ಅನ್ನಬಹುದು, ಪಕ್ಕದವರು ಮಾವಿನಮರದ ಗದ್ದೆ ಅನ್ನಬಹುದು, ನಂಬರ್ ಒಂದೇ. ಅಳತೆ ಎಷ್ಟು, ಎಲ್ಲಿದೆ ಅನ್ನುವುದೆಲ್ಲ ನಂಬರಿನ ಕೆಳಗೆ ಬರೆದಿರುತ್ತದೆ. ಫ್ಯಾಟ್ ಮಾತ್ರ ಸರ್ವೆ ಆಗದ ಊರು. ಅಲ್ಲಿ ನಂಬರೇ ಇಲ್ಲ. ಫೋಲ್ಡರಿನಲ್ಲಿ 32 ಬೈಟಿನ ಒಂದು ಸಾಲು, ಅದರಲ್ಲೇ ಹೆಸರು, ಅದರಲ್ಲೇ ಗಾತ್ರ, ಅದರಲ್ಲೇ ಮೊದಲ ಕ್ಲಸ್ಟರ್ ಯಾವುದು ಅಂತ. ಕರ್ನಲ್ ಬಂದು ನಿನ್ನ ಸರ್ವೆ ನಂಬರ್ ಎಷ್ಟು ಅಂತ ಕೇಳಿದರೆ ಫ್ಯಾಟ್ ಮುಖ ಮುಖ ನೋಡುತ್ತದೆ. ನಡುವೆ ನಿಂತ ನಾನೇ ಏನಾದರೂ ಒಂದು ಹೇಳಬೇಕು. ಸುಳ್ಳೇ ಹೇಳಬೇಕು. ಆದರೆ ಯಾವಾಗ ಕೇಳಿದರೂ ಅದೇ ಸುಳ್ಳು ಹೇಳಬೇಕು.

ಮೊದಲು ಹೊಳೆದಿದ್ದು ಸುಲಭದ್ದು. ಮೊದಲ ಕ್ಲಸ್ಟರಿನ ನಂಬರನ್ನೇ ಐನೋಡ್ ನಂಬರ್ ಮಾಡಿದೆ. ಎರಡು ಫೈಲಿಗೆ ಒಂದೇ ಕ್ಲಸ್ಟರ್ ಇರಲಿಕ್ಕಿಲ್ಲವಲ್ಲ. ಎಲ್ಲ ಚೆನ್ನಾಗಿತ್ತು, ಆದರೆ ಮಾರ್ಚ್ ಫೋಲ್ಡರಿನಲ್ಲಿ ಫೈಲು ಕಡಿಮೆ. ವಿಂಡೋಸ್‌ನಲ್ಲಿ ಎಣಿಸಿದರೆ 31. ನನ್ನಲ್ಲಿ 26. ಯಾವ ಐದು ಕಾಣುತ್ತಿಲ್ಲ ಅಂತ ನೋಡಿದರೆ ನಾಲ್ಕು ಭಾನುವಾರ, ಒಂದು ಹಬ್ಬ. ರಜೆಯ ದಿನಕ್ಕೂ ಅಪ್ಪ ಫೈಲ್ ಮಾಡಿದ್ದಾರೆ, ಒಳಗೆ ಏನೂ ಬರೆದಿಲ್ಲ. ಖಾಲಿ ಫೈಲಿಗೆ ಫ್ಯಾಟ್ ಕ್ಲಸ್ಟರೇ ಕೊಡುವುದಿಲ್ಲ, ಆ ಜಾಗದಲ್ಲಿ ಸೊನ್ನೆ ಬರೆದಿರುತ್ತದೆ. ಎಕ್ಸ್‌ವಿ6ಗೆ ಐನೋಡ್ ನಂಬರ್ ಸೊನ್ನೆ ಅಂದರೆ "ಈ ಸಾಲು ಖಾಲಿ, ಮುಂದೆ ಹೋಗು" ಅಂತ ಅರ್ಥ. ಹಾಗಾಗಿ ಭಾನುವಾರಗಳೆಲ್ಲ ಮಾಯ.

ಲಿನಕ್ಸ್‌ನವರು ಏನು ಮಾಡಿದ್ದಾರೆ ಅಂತ ಅವರ ಕೋಡ್ ತೆರೆದು ನೋಡಿದೆ. ಅಲ್ಲೂ ಇದೇ ಕಥೆ. ನಂಬರನ್ನು ಅವರೇ ಹುಟ್ಟಿಸುತ್ತಾರೆ, ಫೈಲನ್ನು ಗುರುತಿಸಲು ಆ 32 ಬೈಟಿನ ಸಾಲು ಡಿಸ್ಕಿನಲ್ಲಿ ಎಲ್ಲಿ ಕೂತಿದೆ ಅನ್ನುವುದನ್ನು ಹಿಡಿದುಕೊಳ್ಳುತ್ತಾರೆ. ನಾನೂ ಸಾಲಿನ ಜಾಗವನ್ನೇ ನಂಬರ್ ಮಾಡಿದೆ. ಒಂದು ಸೆಕ್ಟರಿನಲ್ಲಿ 16 ಸಾಲು, ಸೆಕ್ಟರನ್ನು 16ರಿಂದ ಗುಣಿಸಿ ಎಷ್ಟನೇ ಸಾಲು ಅಂತ ಕೂಡಿಸಿದರೆ ಆಯಿತು. ಫೈಲುಗಳಿಗೆ ಇದು ಸರಿ. ಫೋಲ್ಡರಿಗೆ ಆಗಲಿಲ್ಲ. ಒಂದು ಫೋಲ್ಡರಿನ ಬಗ್ಗೆ ಎರಡು ಮೂರು ಕಡೆ ಸಾಲು ಇರುತ್ತದೆ. ಅದರ ಮೇಲಿನ ಫೋಲ್ಡರಿನಲ್ಲಿ ಒಂದು, ತನ್ನೊಳಗೆ ಒಂದು ಚುಕ್ಕಿಯ ಹೆಸರಿನಲ್ಲಿ ಒಂದು, ಒಳಗಿನ ಫೋಲ್ಡರುಗಳಲ್ಲಿ ಎರಡು ಚುಕ್ಕಿಯ ಹೆಸರಿನಲ್ಲಿ ಒಂದೊಂದು. ಸಾಲಿನ ಜಾಗ ಹಿಡಿದರೆ ಒಂದೇ ಫೋಲ್ಡರಿಗೆ ಮೂರು ನಂಬರ್. ಸುಳ್ಳು ಬದಲಾಯಿತು, ಸಿಕ್ಕಿಬಿದ್ದೆ. ಕೊನೆಗೆ ಫೋಲ್ಡರಿಗೆ ಮೊದಲ ಕ್ಲಸ್ಟರ್, ಫೈಲಿಗೆ ಸಾಲಿನ ಜಾಗ ಅಂತ ಮಾಡಿ, ಎರಡೂ ಡಿಕ್ಕಿ ಹೊಡೆಯದ ಹಾಗೆ ಫೈಲಿನ ನಂಬರಿಗೆ ಮೇಲಿನ ಬಿಟ್ ಹಚ್ಚಿದೆ. ಚೆಂದ ಇಲ್ಲ. ಕೆಲಸ ಆಗುತ್ತದೆ.

ಈ ನಂಬರನ್ನು ಇಡಲು ಎಕ್ಸ್‌ವಿ6ನಲ್ಲಿ ಜಾಗ ಇರಲಿಲ್ಲ ಅನ್ನುವುದು ಇನ್ನೊಂದು. ಅದರ ಫೋಲ್ಡರಿನ ಸಾಲು 16 ಬೈಟು. ನಂಬರಿಗೆ 2, ಹೆಸರಿಗೆ 14. ಎರಡು ಬೈಟಿನಲ್ಲಿ 65,535 ದಾಟುವ ಹಾಗಿಲ್ಲ. ಅದಿರಲಿ, ಹೆಸರಿನ ಕಥೆ ನೋಡಿ. ಅಕ್ಷರಗಳನ್ನು ಬೈಟು ಮಾಡಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಸಂಕೇತ ಅಂದರೆ ಪೂರ್ತಿ ಅಕ್ಷರವೂ ಅಲ್ಲ, ದೀರ್ಘ, ಗುಡಿಸು, ಕೊಂಬು ಎಲ್ಲಕ್ಕೂ ಬೇರೆ ಲೆಕ್ಕ. 14 ಬೈಟಿಗೆ ನಾಲ್ಕು ಸಂಕೇತ ಹಿಡಿಯುತ್ತದೆ. "ಹಾಸನ" ಹಿಡಿಯುತ್ತದೆ, ಸರಿಯಾಗಿ 12 ಬೈಟು. "ಚಿಕ್ಕಮಗಳೂರು" 33 ಬೈಟು, ಹಿಡಿಯುವ ಮಾತೇ ಇಲ್ಲ. ಜಿಲ್ಲೆ ಬೇರೆ ಮಾಡಿಕೊಳ್ಳಬೇಕಾಗಿತ್ತೇನೋ.

ಅಪ್ಪನ ಫೋಲ್ಡರಿನ ಹೆಸರು "ಕಾಫಿ ತೂಕ ಮಾರ್ಚ್". 41 ಬೈಟು. ಮೊದಲ ಸಲ ಪರದೆ ಮೇಲೆ ಬಂದಿದ್ದು "ಕಾಫಿ", ಒಂದು ಖಾಲಿ ಜಾಗ, ಆಮೇಲೆ ಒಂದು ಪ್ರಶ್ನೆ ಚಿಹ್ನೆ. ಆ ಚಿಹ್ನೆ "ತ"ದ ಮೂರು ಬೈಟಿನಲ್ಲಿ ಉಳಿದ ಒಂದು ಚೂರು.

ಸಾಲನ್ನು 64 ಬೈಟಿಗೆ ಹಿಗ್ಗಿಸಿದೆ. ನಂಬರಿಗೆ 4, ಹೆಸರಿಗೆ 60. ಬ್ಲಾಕಿನ 1024 ಬೈಟು 64ರಿಂದ ಸರಿಯಾಗಿ ಭಾಗವಾಗಬೇಕು ಅಂತ ಒಂದು ಷರತ್ತಿದೆ, ಆಗುತ್ತದೆ. ಎಕ್ಸ್‌ವಿ6ನ ಸ್ವಂತ ಡಿಸ್ಕನ್ನೂ ಹೊಸದಾಗಿ ಕಟ್ಟಬೇಕಾಯಿತು. ನೆಂಟರಿಗೋಸ್ಕರ ಮನೆಯ ಬಾಗಿಲನ್ನೇ ಅಗಲ ಮಾಡಿದ ಹಾಗೆ. ದೊಡ್ಡ ಕರ್ನಲ್‌ಗಳಲ್ಲಿ ಈ ತಾಪತ್ರಯ ಇಲ್ಲ. 1980ರ ದಶಕದಲ್ಲಿ ಸನ್ ಕಂಪನಿಯವರು ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಎನ್‌ಎಫ್‌ಎಸ್ ತಂದಾಗ ಮೇಲಿನ ಪದರವನ್ನೂ ಕೆಳಗಿನ ಫೈಲ್ ಸಿಸ್ಟಮನ್ನೂ ಬೇರೆ ಮಾಡಿದರು. ಲಿನಕ್ಸ್‌ನಲ್ಲೂ ಅಂಥ ಪದರ ಇದೆ. ಎಕ್ಸ್‌ವಿ6ನಲ್ಲಿ ಅದಿಲ್ಲ, ಎಲ್ಲ ಒಂದೇ ಹಜಾರ. ಲಿನಕ್ಸ್‌ನಲ್ಲಿ ಮಾಡಿದ್ದರೆ ನಾನು ಇಷ್ಟು ಕಲಿಯುತ್ತಿರಲಿಲ್ಲ ಅನ್ನಿಸುತ್ತದೆ.

ಉದ್ದ ಹೆಸರನ್ನು ಫ್ಯಾಟ್ ಇಡುವ ರೀತಿ ನೋಡಿದರೆ ನಗು ಬರುತ್ತದೆ. ಮೊದಲು ಎಂಟು ಮತ್ತು ಮೂರು ಅಕ್ಷರದ ಹೆಸರು ಮಾತ್ರ ಇತ್ತು. 1995ರಲ್ಲಿ ವಿಂಡೋಸ್ 95 ಬಂದಾಗ ಉದ್ದ ಹೆಸರು ಬೇಕಾಯಿತು, ಹಳೆ ಡಾಸ್ ಕೆಡಬಾರದು. ಅದಕ್ಕೆ ಹೆಸರನ್ನು ತುಂಡು ಮಾಡಿ, ಪಕ್ಕದ 32 ಬೈಟಿನ ಸಾಲುಗಳಲ್ಲಿ ಅಡಗಿಸಿಟ್ಟರು. ಒಂದು ಸಾಲಿಗೆ 13 ಸಂಕೇತ, ಅದೂ ಒಂದೇ ಕಡೆ ಅಲ್ಲ: ಐದು ಇಲ್ಲಿ, ಆರು ಅಲ್ಲಿ, ಎರಡು ಕೊನೆಗೆ. ಕೊನೆಯ ತುಂಡು ಡಿಸ್ಕಿನಲ್ಲಿ ಮೊದಲು ಬರುತ್ತದೆ. "ಕಾಫಿ ತೂಕ ಮಾರ್ಚ್" ಖಾಲಿ ಜಾಗ ಸೇರಿ 15 ಸಂಕೇತ. 13ಕ್ಕೆ ಕತ್ತರಿ ಬಿದ್ದಿದ್ದು ಒತ್ತಕ್ಷರದ ನಡುವೆ. "ಕಾಫಿ ತೂಕ ಮಾರ್" ಒಂದು ಸಾಲು, "ಚ್" ಇನ್ನೊಂದು. ನಾನು ತಿರುಗಿಸಿ ಜೋಡಿಸುವುದು ಮರೆತಿದ್ದೆ. ಪರದೆ ಮೇಲೆ "ಚ್ಕಾಫಿ ತೂಕ ಮಾರ್" ಅಂತ ಬಂತು. ಅಮ್ಮ ಹಿಂದೆ ನಿಂತು ಓದಿ, "ಇದೇನು, ಬಾಯಿ ಚಪ್ಪರಿಸಿದ ಹಾಗಿದೆ" ಅಂದಳು.

ಎಕ್ಸ್‌ವಿ6ನ ಶೆಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಡೆ, ಉದ್ಧರಣ ಚಿಹ್ನೆ ಇಲ್ಲ, ಖಾಲಿ ಜಾಗ ಬಂದರೆ ಬೇರೆ ಪದ ಅಂತಲೇ ಲೆಕ್ಕ. ಹಾಗಾಗಿ ಖಾಲಿ ಜಾಗ ಇದ್ದಲ್ಲೆಲ್ಲ ಅಡಿಗೆರೆ ತೋರಿಸಿದೆ. ಸುಳ್ಳಿನ ಪಟ್ಟಿಗೆ ಇನ್ನೊಂದು. ಕನ್ನಡ ಟೈಪ್ ಮಾಡುವಾಗ ತಪ್ಪಾದರೆ ಬ್ಯಾಕ್‌ಸ್ಪೇಸ್ ಒಂದೊಂದೇ ಬೈಟ್ ಅಳಿಸುತ್ತದೆ. ಒಂದು "ಕ" ಹೋಗಲು ಮೂರು ಸಲ ಒತ್ತಬೇಕು. ಅದನ್ನು ಇನ್ನೂ ತಿದ್ದಿಲ್ಲ.

ಫೈಲಿನ ಒಳಗಿನದನ್ನು ಓದುವುದು ಮಲೆನಾಡಿನಲ್ಲಿ ಮನೆ ಕೇಳಿಕೊಂಡು ಹೋದ ಹಾಗೆ. ಒಂದು ಮನೆಯವರಿಗೆ ಮುಂದಿನ ಮನೆ ಮಾತ್ರ ಗೊತ್ತು. ಫ್ಯಾಟ್ ಅಂದರೆ ಆ ಪಟ್ಟಿ, ಈ ಕ್ಲಸ್ಟರ್ ಆದಮೇಲೆ ಯಾವ ಕ್ಲಸ್ಟರ್ ಅಂತ. ಚಿಕ್ಕ ಫೈಲುಗಳೆಲ್ಲ ಸರಿ ಬಂದವು. ತಿಂಗಳ ಒಟ್ಟು ಲೆಕ್ಕದ ಫೈಲ್ ಸ್ವಲ್ಪ ದೊಡ್ಡದು. ಅದು ಪ್ರತಿ ಸಲವೂ 4608ನೇ ಬೈಟಿಗೆ ನಿಂತುಬಿಡುತ್ತಿತ್ತು. ಪ್ಯಾನಿಕ್ ಇಲ್ಲ, ದೂರು ಇಲ್ಲ, ಸುಮ್ನೆ ನಿಂತಿತು. ಕಂಟ್ರೋಲ್-ಪಿ ಒತ್ತಿದರೆ, 512 ಬೈಟಿನಂತೆ ಫೈಲ್ ಓದಿ ತೋರಿಸುವ "ಕ್ಯಾಟ್" ಪ್ರೋಗ್ರಾಮ್ ನಿದ್ದೆಯಲ್ಲಿದೆ ಅಂತ ತೋರಿಸಿತು.

4608 ಅಂದರೆ 4096 ಮತ್ತು 512. ಮೊದಲ ಕ್ಲಸ್ಟರ್ ಪೂರ್ತಿ, ಎರಡನೆಯದರಲ್ಲಿ ಒಂದೇ ಒಂದು ಓದು. ಅಲ್ಲಿ ಸುಳಿವು ಸಿಕ್ಕಿತು. ಎರಡನೇ ಕ್ಲಸ್ಟರ್ ಬೇಕು ಅಂದಾಗ ಮೊದಲ ಸಲ ಫ್ಯಾಟ್ ಪಟ್ಟಿಯ ಬ್ಲಾಕ್ ತೆರೆಯುತ್ತೇನೆ. ಬ್ಲಾಕಿಗೆ ಬೀಗ ಹಾಕಿ ಓದುತ್ತೇನೆ. ಬೀಗ ತೆಗೆಯಲು ಮರೆತಿದ್ದೆ. ಮುಂದಿನ 512 ಬೈಟಿಗೆ ಮತ್ತೆ ಅದೇ ಬ್ಲಾಕ್ ಬೇಕು. ಅದಕ್ಕೆ ಬೀಗ ಬಿದ್ದಿದೆ. ಯಾರು ಹಾಕಿದ್ದು? ನಾನೇ. ನಾನೇ ಬಂದು ತೆಗೆಯಲಿ ಅಂತ ನಾನೇ ಮಲಗಿ ಕಾಯುತ್ತಿದ್ದೆ. ಒಂದು ಸಾಲು ಸೇರಿಸಿದೆ, ಸರಿಹೋಯಿತು.

ಪ್ರತಿ ಓದಿಗೂ ಮೊದಲ ಮನೆಯಿಂದ ಕೇಳಿಕೊಂಡು ಬರುವುದು ದೊಡ್ಡ ಫೈಲಿಗೆ ಬಹಳ ನಿಧಾನ. ಕೊನೆಗೆ ಯಾವ ಕ್ಲಸ್ಟರಿನಲ್ಲಿದ್ದೆ ಅಂತ ನೆನಪಿಡಲು ಐನೋಡ್ ಒಳಗೆ ಖಾಲಿ ಬಿದ್ದಿದ್ದ ಬ್ಲಾಕ್ ವಿಳಾಸದ ಜಾಗವನ್ನೇ ಬಳಸಿಕೊಂಡೆ. ಜಾಣತನ ಅಂದುಕೊಂಡಿದ್ದೆ.

ಮಾರನೇ ದಿನ ಐದಾರು ಫೈಲ್ ಒಟ್ಟಿಗೆ ತೆರೆದೆ. "ಪ್ಯಾನಿಕ್: ಫ್ರೀಯಿಂಗ್ ಫ್ರೀ ಬ್ಲಾಕ್." ಖಾಲಿ ಇರುವ ಬ್ಲಾಕನ್ನು ಖಾಲಿ ಮಾಡಲು ಹೊರಟಿದ್ದೀಯ ಅಂತ ಕರ್ನಲ್ ಬೈಯುತ್ತಿದೆ. ನಾನು ಮಾಡಿದ್ದು ಬರೀ ಓದು! ಖಾಲಿ ಮಾಡುವ ಕೆಲಸ ಯಾರು ಹೇಳಿದರು? ಅದೂ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಎರಡು ರಾತ್ರಿ ಇದರ ಹಿಂದೆ ಬಿದ್ದೆ.

ಉತ್ತರ ಇದ್ದಿದ್ದು ಫೈಲ್ ಮುಚ್ಚುವ ಕೋಡಿನಲ್ಲಿ. ಫೈಲ್ ಮುಚ್ಚುವಾಗ ಕರ್ನಲ್ ಐನೋಡಿಗೆ ಒಂದು ಪ್ರಶ್ನೆ ಕೇಳುತ್ತದೆ: ನಿನಗೆ ಎಷ್ಟು ಹೆಸರಿದೆ? ಒಂದು ಗದ್ದೆಗೆ ಎರಡು ಹೆಸರಿರಬಹುದು, ನೂರು ಇರಬಹುದು. ಸೊನ್ನೆ ಆದರೆ ಆ ಗದ್ದೆ ಯಾರಿಗೂ ಬೇಡ ಅಂತ ಅರ್ಥ, ಕರ್ನಲ್ ಜಮೀನು ವಾಪಸ್ ತೆಗೆದುಕೊಳ್ಳುತ್ತದೆ. ಫೈಲ್ ಅಳಿಸುವುದು ಅಂದರೆ ಯುನಿಕ್ಸ್‌ನಲ್ಲಿ ಇದೇ. ಫ್ಯಾಟ್‌ನಲ್ಲಿ ಹೆಸರಿನ ಲೆಕ್ಕವೇ ಇಲ್ಲ, ನಾನು ಆ ಜಾಗ ತುಂಬಿರಲಿಲ್ಲ. ಹಳೆ ಫೈಲ್ ಬಳಸಿ ಬಿಟ್ಟ ಐನೋಡ್ ಜಾಗ ಸಿಕ್ಕಿದರೆ ಅಲ್ಲಿ ಹಳೆಯ "1" ಉಳಿದಿರುತ್ತಿತ್ತು, ಬಚಾವ್. ಹೊಸ ಜಾಗ ಸಿಕ್ಕಿದರೆ ಸೊನ್ನೆ. ಆಗ ಕರ್ನಲ್, ಅಪ್ಪನ ಲೆಕ್ಕದ ಫೈಲ್ ಯಾರಿಗೂ ಬೇಡ ಅಂತ ತೀರ್ಮಾನ ಮಾಡಿ, ನಾನು ಜಾಣತನದಿಂದ ಬರೆದಿಟ್ಟ ಕ್ಲಸ್ಟರ್ ನಂಬರನ್ನು ತನ್ನ ಬ್ಲಾಕ್ ಅಂದುಕೊಂಡು ಅಳಿಸಲು ಹೋಗುತ್ತಿತ್ತು. ಅಳಿಸುವ ಮೊದಲು ತನ್ನ ಪಟ್ಟಿ ಇರಬೇಕಾದ ಜಾಗದಲ್ಲಿ ನೋಡಿತು. ಆ ಜಾಗ ನನ್ನ ನಕಲಿನಲ್ಲಿ ಪಾರ್ಟಿಷನ್‌ಗಿಂತ ಮುಂಚಿನ ಖಾಲಿ ನೆಲ. ಎಲ್ಲ ಸೊನ್ನೆ. ಅದಕ್ಕೇ ಬೈದು ನಿಂತಿತು.

ಹೆಸರು ಎಷ್ಟು ಅಂದರೆ ಒಂದು ಅನ್ನು ಅಂತ ಕೋಡಿನಲ್ಲಿ ಬರೆದೆ. ಅದು ಸುಳ್ಳೂ ಅಲ್ಲ, ಫ್ಯಾಟ್‌ನಲ್ಲಿ ಒಂದು ಫೈಲಿಗೆ ಇರುವುದು ಒಂದೇ ಹೆಸರು. ಬರೆಯುವ ದಾರಿಯನ್ನೆಲ್ಲ ಅವತ್ತೇ ಮುಚ್ಚಿದೆ. ಎರಡನೇ ಡಿಸ್ಕಿಗೆ ಯಾರು ಬರೆಯಲು ಬಂದರೂ ಸೋಲು ಅಂತ ವಾಪಸ್. ಬರೆಯಬೇಕಾದರೆ ಫ್ಯಾಟ್ ಪಟ್ಟಿಯ ಎರಡೂ ಪ್ರತಿ ತಿದ್ದಬೇಕು, ನಡುವೆ ಕರೆಂಟ್ ಹೋದರೆ ಏನು ಅಂತ ಯೋಚಿಸಬೇಕು. ನಮ್ಮ ಊರಲ್ಲಿ ಕೂತು ಆ ಯೋಚನೆ ಬೇಡ ಅನ್ನಿಸಿತು.

ನಡುವೆ ಒಂದು ದಿನ ಪಟ್ಟಿಯಲ್ಲಿ ಗೊತ್ತಿಲ್ಲದ ಸಾಲು ಒಂದು ಬಂತು. ಫ್ಯಾಟ್‌ನಲ್ಲಿ ಫೈಲ್ ಅಳಿಸಿದರೆ ಸಾಲಿನ ಮೊದಲ ಬೈಟಿಗೆ ಹೆಕ್ಸ್‌ನಲ್ಲಿ ಇ5 ಅಂತ ಗುರುತು ಹಾಕುತ್ತಾರೆ, ಅಷ್ಟೇ. ಉಳಿದದ್ದೆಲ್ಲ ಹಾಗೇ ಇರುತ್ತದೆ. ನಾನು ಗುರುತು ನೋಡುತ್ತಿರಲಿಲ್ಲ. ಯಾರದೋ ಮುಂಗಡದ ಲೆಕ್ಕ ಇರಬೇಕು, ಹೆಸರಿನ ಚೂರು ಹಾಗೆ ಕಂಡಿತು. ತೆರೆಯಲಿಲ್ಲ. ಇ5 ನೋಡುವ ಸಾಲು ಬರೆದು ಮಲಗಿದೆ.

ಪುಷ್ಯ ಮಳೆ ಹಿಡಿದಿತ್ತು. ಒಂದು ರಾತ್ರಿ ಅಪ್ಪನನ್ನು ಕರೆದು ಪಕ್ಕ ಕೂರಿಸಿಕೊಂಡೆ. ಕಪ್ಪು ಪರದೆ ಮೇಲೆ ಪಟ್ಟಿ ತೆಗೆದೆ. 31 ಫೈಲು, ಭಾನುವಾರ ಸೇರಿ. "ಕಾಫಿ_ತೂಕ_ಮಾರ್ಚ್" ಅಂತ ಒತ್ತಕ್ಷರ ಸಮೇತ ಬಂತು. 9ನೇ ತಾರೀಕಿನದು ತೆರೆದೆ. ಕೊಯ್ದವರ ಹೆಸರು, ಮುಂದೆ ಕೆಜಿ, ಕೊನೆಗೆ ಒಟ್ಟು. ಇದನ್ನು ಓದಿದ್ದು ವಿಂಡೋಸ್ ಅಲ್ಲಪ್ಪ, ಲಿನಕ್ಸೂ ಅಲ್ಲ, ನಾನು ಬರೆದ ಕೋಡು ಅಂದೆ.

ಅಪ್ಪ ಕನ್ನಡಕ ಹಾಕಿಕೊಂಡರು. ಮೇಲಿಂದ ಕೆಳಗೆ ಬೆರಳು ಇಟ್ಟು ಓದಿದರು. ಒಟ್ಟಿನ ಹತ್ತಿರ ಬೆರಳು ನಿಂತಿತು. ಎದ್ದು ಹೋಗಿ ಪುಸ್ತಕ ತಂದರು.

"412 ಅಲ್ಲ ಇದು, 421. ನೋಡು, ಹಿಂದೆ ಮುಂದೆ ಮಾಡ್ಬಿಟ್ಟಿದೀನಿ. ಇಲ್ಲೇ ತಿದ್ದು."

"ಇಲ್ಲಿ ತಿದ್ದೋಕಾಗಲ್ಲಪ್ಪ. ಓದೋಕೆ ಮಾತ್ರ ಬರುತ್ತೆ."

"ಐದು ವಾರದಿಂದ ಮಾಡಿದ್ದು ಬರೀ ಓದೋಕಾ?"

"ಹೂಂ."

ಅಪ್ಪ ಕನ್ನಡಕ ತೆಗೆದು ಜೇಬಿಗೆ ಇಟ್ಟುಕೊಂಡರು. "ಹಾಗಾದ್ರೆ ನನ್ನ ಪೆನ್ ಡ್ರೈವ್ ವಾಪಸ್ ಕೊಡು" ಅಂದರು.